ಬೀಗರ ಮನೆಗೆ ರಿಜಿಸ್ಟರ್ ನೋಟೀಸು

ಅದು ೧೯೫೭ನೆಯ ಇಸವಿ. ನನಗೆ ಆಗ ಮೂವತ್ತೊಂದು ವರ್ಷ. ದಾವಣಗೆರೆಯ ಮಾಧ್ಯಮಿಕ ಶಾಲೆಯೊಂದರಲ್ಲಿ ಒಂಬತ್ತು ವರ್ಷ ವ್ಯಾಕರಣವನ್ನೂ ಗಣಿತವನ್ನೂ ಕಲಿಸಿದ್ದ ನಾನು, ಕಾಯಂ ಆಗಿದ್ದ ಆ ನೌಕರಿಗೆ ರಾಜೀನಾಮೆ ಕೊಟ್ಟು, ಇನ್ನೂ ಹುಟ್ಟಿಯೇ ಇರದಿದ್ದ ಒಂದು ಕಂಪನಿಯ ಗುಮಾಸ್ತನಾದೆ. ಆಮೇಲೆ ಅದೇ ಕಂಪನಿಯ ಕಾರ್ಯದರ್ಶಿಯಾಗಿ ನಿವೃತ್ತನಾದೆ. ನಡುವೆ ದೊರೆತ ಬಡ್ತಿಗಳ ವಿವರ ಯಾರಿಗೂ ಬೇಕಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವ ತರುಣರು ಈಗಲೂ ಸರಸ್ವತಿ ನಗರದ ನನ್ನ ಮನೆಗೆ ಬಂದು, ಕಾಯ್ದೆಯ ಯಾವ ಕಲಮನ್ನು ಮೊದಲು ಓದಬೇಕು ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಮೊದಲ ಎರಡು ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳನ್ನು. ಕಲಮುಗಳು ಆ ತಪ್ಪುಗಳ ಜೊತೆಯಲ್ಲೇ ಬರುತ್ತವೆ.

ನನ್ನನ್ನು ಕೆಲಸಕ್ಕೆ ಕರೆದವರು ಮಂಡಿಪೇಟೆಯ ವ್ಯಾಪಾರಿ ಕೊಟ್ರಪ್ಪನವರು. ಅವರ ಇಬ್ಬರು ಗಂಡುಮಕ್ಕಳು ನನ್ನ ವಿದ್ಯಾರ್ಥಿಗಳಾಗಿದ್ದರು. ಹರಿಹರದಲ್ಲಿ ಹೊಳೆಯ ಸಮೀಪ ನೇಗಿಲಿನ ಕುಳ, ಕುಂಟೆಯ ತಾಳು, ಬಾವಿಯಿಂದ ನೀರೆತ್ತುವ ಕಪಿಲೆಯ ಗಾಲಿ ಮುಂತಾದುವನ್ನು ಎರಕ ಹೊಯ್ಯುವ ಕಾರ್ಖಾನೆಯೊಂದನ್ನು ತೆರೆಯಬೇಕೆಂದು ಅವರೂ ಅವರ ನಂಟರೂ ಗೆಳೆಯರೂ ನಿಶ್ಚಯಿಸಿದ್ದರು. ಪಾಲುದಾರಿಕೆ ಬೇಡ, ಕಂಪನಿಯೇ ಆಗಲಿ ಎಂದು ವಕೀಲರು ಸಲಹೆ ಕೊಟ್ಟಿದ್ದರು.

"ನನ್ನ ಮಕ್ಕಳ ಪುಸ್ತಕದಾಗೆ ಒಂದು ಕಾಮಾ ಬಿಟ್ರೂ ಕೆಂಪು ಗೀಟು ಎಳೀತಿದ್ರಲ್ಲ ಮೇಷ್ಟ್ರೆ, ಅಂಥೋರೇ ಬೇಕು ನಂಗೆ," ಎಂದರು ಕೊಟ್ರಪ್ಪನವರು. "ಕಂಪ್ನಿ ಕಾಯ್ದೆ ಅಂದ್ರೆ ಪೂರಾ ಕಾಮಾನೇ ಅಂತೆ. ಆದ್ರೆ ಒಂದ್ ಮಾತು ಈಗ್ಲೇ ಹೇಳ್ತೀನಿ, ಆಮ್ಯಾಲೆ ಬ್ಯಾಸರ ಮಾಡ್ಕಬ್ಯಾಡ್ರಿ. ಮೊದಲ್ನೇ ವಾರ್ಷಿಕ ಸಭೆ ಸುಸೂತ್ರ ಆಗಾತನ ನಿಮ್ಮ ನೌಕ್ರಿ ಕಚ್ಚಾ. ಅದಾದ ಮ್ಯಾಲೆ ಪಕ್ಕಾ."

ನಾನು ಒಪ್ಪಿದೆ. ಮನೆಯಲ್ಲಿ ಈ ಷರತ್ತನ್ನು ಹೇಳಲಿಲ್ಲ. ಆದರೂ ಒಂದೇ ವಾರದಲ್ಲಿ ಅದು ನನ್ನ ಪತ್ನಿ ಪಾರ್ವತಮ್ಮನ ಕಿವಿಗೆ ಬಿತ್ತು. ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ, "ಕಚ್ಚಾ ಅಂದ್ರೆ ಎಷ್ಟು ದಿನ?" ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎರಡು ವರ್ಷಗಳ ಮೇಲೆ.

ಕಂಪನಿಯನ್ನು ಹುಟ್ಟಿಸುವುದು ಹೇಗೆಂದು ನನಗೆ ಕಲಿಸಿದವರು ವಕೀಲ ಶ್ರೀನಿವಾಸರಾಯರು. ಹೊಸ ಕಂಪನಿ ಕಾಯ್ದೆ ಜಾರಿಗೆ ಬಂದು ಆಗಷ್ಟೇ ಒಂದು ವರ್ಷವಾಗಿತ್ತು. ದಪ್ಪ ಇಂಗ್ಲಿಷ್ ಪುಸ್ತಕವನ್ನು ನನ್ನ ಮುಂದಿಟ್ಟು ರಾಯರು ಹೇಳಿದರು: "ಎರಡು ಕಾಗದ ನೆನಪಿಡಿ, ಮೇಷ್ಟ್ರೇ. ಮೆಮೊರಾಂಡಂ ಅನ್ನುವುದು ಮನೆಯ ಹೊರಗೋಡೆ. ಈ ಕಂಪನಿ ಯಾರು, ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ದಾರಿಹೋಕರಿಗೆ ಅದು ತಿಳಿಸುತ್ತದೆ. ಆರ್ಟಿಕಲ್ಸ್ ಅನ್ನುವುದು ಅಡುಗೆಮನೆಯ ಕಟ್ಟಳೆ. ಯಾರು ಬಡಿಸಬೇಕು, ಯಾರು ಮೊದಲು ಕೂಡಬೇಕು ಅನ್ನುವುದು ಒಳಗಿನವರಿಗೆ ಮಾತ್ರ." ಇಷ್ಟು ವರ್ಷಗಳಲ್ಲಿ ನಾನು ಓದಿದ ಯಾವ ವ್ಯಾಖ್ಯಾನವೂ ಇದಕ್ಕಿಂತ ಸ್ಪಷ್ಟವಾಗಿರಲಿಲ್ಲ.

ಸಾರ್ವಜನಿಕ ಕಂಪನಿಗೆ ಕಡಿಮೆಯೆಂದರೆ ಏಳು ಜನ ಬೇಕು. ಏಳೂ ಜನ ಮೆಮೊರಾಂಡಂ ಕೊನೆಯಲ್ಲಿ ತಮ್ಮ ಕೈಯಾರೆ ಹೆಸರು, ವಿಳಾಸ, ಉದ್ಯೋಗ ಬರೆದು, ಸಾಕ್ಷಿಯ ಎದುರಿನಲ್ಲಿ ಸಹಿ ಹಾಕಬೇಕು. ನಮ್ಮಲ್ಲೊಬ್ಬರು ಆವರಗೆರೆಯ ರೈತರು. ಉದ್ಯೋಗದ ಕಾಲಮಿನಲ್ಲಿ ಅವರು ದುಂಡಗಿನ ಅಕ್ಷರಗಳಲ್ಲಿ "ಹೊಲ, ಮನೆ, ಎಂಟು ಎತ್ತು" ಎಂದು ಬರೆದರು. ರಾಯರು ನಕ್ಕು, "ಎತ್ತು ಉದ್ಯೋಗ ಅಲ್ಲ, ಸ್ವಾಮಿ," ಎಂದರೆ, ಅವರು, "ಎತ್ತಿಲ್ದೆ ಉದ್ಯೋಗ ಎಲ್ಲೈತೆ ಸ್ವಾಮಿ?" ಎಂದು ತಿರುಗಿ ಕೇಳಿದರು. ಕಾಗದ ಕೆಟ್ಟಿತು. ಎಲ್ಲರೂ ಮತ್ತೊಮ್ಮೆ ಕೂಡಬೇಕಾಯಿತು.

ಎರಡನೆಯ ಸಲ ಕೆಟ್ಟದ್ದು ಛಾಪಾ ಕಾಗದದಿಂದ. ಕಾಯ್ದೆ ಇಡೀ ದೇಶಕ್ಕೆ ಒಂದೇ ಆದರೂ ಮೆಮೊರಾಂಡಂಗೆ ಹಚ್ಚುವ ಛಾಪಾ ಆಯಾ ರಾಜ್ಯದ್ದು. ನಮ್ಮದು ಮೈಸೂರು ರಾಜ್ಯದ್ದಾಗಬೇಕು. ಹರಿಹರದ ಹೊಳೆ ದಾಟಿದರೆ ಆಚೆಯ ದಡ ಮೊನ್ನೆಮೊನ್ನೆಯವರೆಗೆ ಬೊಂಬಾಯಿ ರಾಜ್ಯಕ್ಕೆ ಸೇರಿತ್ತಲ್ಲವೆ? ರಾಣೆಬೆನ್ನೂರಿನ ಒಬ್ಬ ಪಾಲುಗಾರರು, ಮನೆಯಲ್ಲಿ ಉಳಿದಿದ್ದ ಬೊಂಬಾಯಿ ಛಾಪಾ ಕಾಗದವನ್ನು ಹಾಳು ಮಾಡುವುದೇಕೆಂದು ತಂದುಕೊಟ್ಟಿದ್ದರು. ನಾನು ಅಕ್ಷರಗಳನ್ನು ನೋಡಿದೆ, ಅಲ್ಪವಿರಾಮಗಳನ್ನು ನೋಡಿದೆ. ತಲೆಯ ಮೇಲಿದ್ದ ಮುದ್ರೆಯನ್ನು ನೋಡಲಿಲ್ಲ. ಬೆಂಗಳೂರಿನ ರಿಜಿಸ್ಟ್ರಾರರ ಕಚೇರಿಯಿಂದ ಕಟ್ಟು ಹಿಂದಿರುಗಿತು. ನಾವು ಆರಿಸಿದ ಹೆಸರೂ ಅದಾಗಲೇ ಇದ್ದ ಇನ್ನೊಂದು ಕಂಪನಿಯ ಹೆಸರನ್ನು ಹೋಲುತ್ತದೆಂದು ಎರಡು ಸಲ ತಿರಸ್ಕೃತವಾಯಿತು. ಹೀಗಾಗಿ ನೋಂದಣಿಯ ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ೧೯೫೮ರ ಫೆಬ್ರವರಿ ಬಂದಿತ್ತು. ಅದರ ಮೇಲಿನ ತಾರೀಕು ಹನ್ನೆರಡು. ಈ ತಾರೀಕನ್ನು ಓದುಗರು ದಯಮಾಡಿ ಗಮನಿಸಬೇಕು. ನಾನು ಗಮನಿಸಿದ್ದಕ್ಕಿಂತ ಚೆನ್ನಾಗಿ ಗಮನಿಸಬೇಕು.

ಕಂಪನಿಗೆ ಕೈಯಿಲ್ಲ, ಅದರ ಸಹಿಯೆಂದರೆ ಲೋಹದ ಮುದ್ರೆ. ಆಯುಧಪೂಜೆಯ ದಿನ ಕೊಟ್ರಪ್ಪನವರ ಮನೆಯವರು ತಕ್ಕಡಿ, ಬೀಗಗಳ ಜೊತೆಗೆ ಆ ಮುದ್ರೆಯನ್ನೂ ಇಟ್ಟು, ವಿಭೂತಿ ಹಚ್ಚಿ, ಗಂಧ ಕುಂಕುಮ ಏರಿಸಿ ಪೂಜಿಸಿದರು. ಮರುವಾರ ಷೇರು ಪತ್ರಗಳ ಮೇಲೆ ಅದನ್ನು ಒತ್ತಿದರೆ ಕಂಪನಿಯ ಹೆಸರಿಗೆ ಬದಲಾಗಿ ಒಂದು ಬಿಲ್ಲೆ ಮೂಡಿತು. ಅಕ್ಷರಗಳ ಸಂದುಗಳಲ್ಲಿ ಗಂಧ ಒಣಗಿ ಕಲ್ಲಾಗಿತ್ತು. ಮಧ್ಯಾಹ್ನವೆಲ್ಲ ಕೂತು ಸೂಜಿಯಿಂದ ಒಂದೊಂದೇ ಅಕ್ಷರ ಕೆದಕಿದೆ. ಮರುವರ್ಷದಿಂದ ಮುದ್ರೆಯ ಹಿಡಿಗೆ ಮಾತ್ರ ಪೂಜೆ, ಬಾಯಿಗೆ ಬಟ್ಟೆ.

ಇನ್ನೊಂದು ತಪ್ಪು ನನ್ನ ಶುಚಿತ್ವದ್ದು. ನಿರ್ದೇಶಕರ ಸಭೆಯ ನಡಾವಳಿಯನ್ನು ನಾನೇ ಬರೆಯುತ್ತಿದ್ದೆ. ಒಂದು ಪುಟದಲ್ಲಿ ಎರಡು ಕಡೆ ಕಾಟು ಬಿದ್ದದ್ದನ್ನು ಸಹಿಸಲಾರದೆ, ಹೊಸ ಹಾಳೆಯಲ್ಲಿ ಅಚ್ಚುಕಟ್ಟಾಗಿ ನಕಲು ಮಾಡಿ, ಹಳೆಯದರ ಮೇಲೆ ಗೋಂದಿನಿಂದ ಅಂಟಿಸಿದೆ. ರಾಯರು ಅದನ್ನು ಬೆಳಕಿಗೆ ಹಿಡಿದು ನೋಡಿ ಬೆಚ್ಚಿದರು. "ಇದೇನು ಮಾಡಿದಿರಿ? ನಡಾವಳಿ ಪುಸ್ತಕದಲ್ಲಿ ಅಂಟು ಕಂಡರೆ ಕೆಳಗೆ ಏನೋ ಹೂತಿದ್ದಾರೆ ಅಂತ ಅರ್ಥ. ತಪ್ಪಾದರೆ ಗೀಟು ಎಳೆಯಿರಿ, ಪಕ್ಕದಲ್ಲಿ ತಿದ್ದಿರಿ, ಅಧ್ಯಕ್ಷರ ಚಿಕ್ಕ ಸಹಿ ತೆಗೆದುಕೊಳ್ಳಿ. ತಪ್ಪು ಕಾಣಲಿ, ಮೇಷ್ಟ್ರೇ. ಕಾಣುವ ತಪ್ಪಿಗೆ ಯಾರೂ ಹೆದರುವುದಿಲ್ಲ." ಒಂಬತ್ತು ವರ್ಷ ಮಕ್ಕಳಿಗೆ ಚಿತ್ತು ಮಾಡಬೇಡಿರೆಂದು ಬೋಧಿಸಿದವನಿಗೆ ಈ ಪಾಠ ಸುಲಭದಲ್ಲಿ ಇಳಿಯಲಿಲ್ಲ.

ಇನ್ನು ಮುಖ್ಯ ವಿಷಯ.

ಹೊಸ ಕಂಪನಿ ತನ್ನ ಮೊದಲನೆಯ ವಾರ್ಷಿಕ ಸಭೆಯನ್ನು ನೋಂದಣಿಯಾದ ಹದಿನೆಂಟು ತಿಂಗಳೊಳಗೆ ನಡೆಸಲೇಬೇಕು. ನಮ್ಮ ಗಡುವು ೧೯೫೯ರ ಆಗಸ್ಟ್ ಹನ್ನೊಂದಕ್ಕೆ ಮುಗಿಯುತ್ತಿತ್ತು. ಮಾರ್ಚ್ ಅಂತ್ಯದ ಲೆಕ್ಕಗಳು ಸಿದ್ಧವಾಗಿ, ತಪಾಸಣೆ ಮುಗಿಯುವಷ್ಟರಲ್ಲಿ ಜೂನ್ ಕಳೆಯಿತು. ಜುಲೈ ಮೊದಲ ವಾರದಲ್ಲಿ ಆಷಾಢ ಹಿಡಿಯಿತು.

"ಆಷಾಢದಾಗೆ ಮೊದಲ್ನೇ ಸಭೆ ಬ್ಯಾಡ," ಎಂದರು ಕೊಟ್ರಪ್ಪನವರು. "ಶ್ರಾವಣದ ಮೊದಲ್ನೇ ಸೋಮವಾರ ಇಟ್ಕೊಳ್ರಿ."

ಪಂಚಾಂಗ ನೋಡಿದೆ. ಶ್ರಾವಣದ ಮೊದಲ ಸೋಮವಾರ ಆಗಸ್ಟ್ ಹತ್ತು. ಗಡುವಿಗೆ ಒಂದು ದಿನ ಉಳಿಯುತ್ತದೆ, ಸರಿ ಎಂದೆ.

ಸಭೆಗೆ ಇಪ್ಪತ್ತೊಂದು ದಿನಗಳ ನೋಟೀಸು ಬೇಕು. ಸದಸ್ಯರು ಒಟ್ಟು ಹತ್ತೊಂಬತ್ತು ಜನ. ಆಗ ನಮ್ಮಲ್ಲಿ ಕನ್ನಡದ ಟೈಪ್ ಯಂತ್ರವಿರಲಿಲ್ಲ. ಹತ್ತೊಂಬತ್ತು ನೋಟೀಸುಗಳನ್ನೂ ನನ್ನ ಕೈಯಾರೆ, ಒಂದು ಅಕ್ಷರವೂ ಅಲುಗದಂತೆ ಬರೆದೆ. ಅಚ್ಚಾದ ಲೆಕ್ಕಪತ್ರಗಳು ಪ್ರೆಸ್ಸಿನಿಂದ ಶನಿವಾರ ಬಂದವು. ಸೋಮವಾರ, ಜುಲೈ ಇಪ್ಪತ್ತರಂದು, ಹದಿನೆಂಟು ಲಕೋಟೆಗಳನ್ನು ಅಂಚೆಗೆ ಒಯ್ದೆ. ಇಪ್ಪತ್ತರಿಂದ ಹತ್ತಕ್ಕೆ ಇಪ್ಪತ್ತೊಂದು ದಿನ. ಬೆರಳಿನಲ್ಲಿ ಎರಡು ಸಲ ಎಣಿಸಿ ಮನಸ್ಸಿನಲ್ಲಿಯೇ ಬೀಗಿದೆ. ಸಾದಾ ಅಂಚೆ ಸಾಕೆಂದು ಕಾಯ್ದೆ ಹೇಳುತ್ತಿದ್ದರೂ, ರುಜುವಾತು ಇರಲೆಂದು ಎಲ್ಲವನ್ನೂ ರಿಜಿಸ್ಟರ್ ಮಾಡಿಸಿದೆ. ಹತ್ತೊಂಬತ್ತನೆಯದು ಅಧ್ಯಕ್ಷರಾದ ಕೊಟ್ರಪ್ಪನವರದು. ಅವರು ನಮ್ಮ ಕಚೇರಿಯಲ್ಲಿಯೇ ಕೂಡುತ್ತಿದ್ದುದರಿಂದ ಅದನ್ನು ಅವರ ಮೇಜಿನ ಮೇಲಿಟ್ಟು ಸಹಿ ಪಡೆದೆ.

ಶುಕ್ರವಾರ ಒಂದು ಲಕೋಟೆ ಹಿಂದಿರುಗಿತು. "ಸ್ವೀಕರಿಸಲು ನಿರಾಕರಿಸಿದ್ದಾರೆ" ಎಂದು ಅಂಚೆಯವನು ಅದರ ಮೇಲೆ ಬರೆದಿದ್ದ. ವಿಳಾಸ ಹರಿಹರದ ಕರಿಬಸಪ್ಪನವರದು.

ಕರಿಬಸಪ್ಪನವರು ಎಪ್ಪತ್ತರ ಸಮೀಪದ ಜಮೀನುದಾರರು. ನಮ್ಮ ಕಾರ್ಖಾನೆ ನಿಂತಿದ್ದ ನೆಲ ಅವರು ಕೊಟ್ಟದ್ದು. ಅಷ್ಟೇ ಅಲ್ಲ, ಕೊಟ್ರಪ್ಪನವರ ಮಗಳು ಗಿರಿಜೆಯನ್ನು ಅವರ ಮಗನಿಗೆ ಕೊಟ್ಟಿತ್ತು. ಅಂದರೆ ಅವರು ನಮ್ಮ ಅಧ್ಯಕ್ಷರ ಬೀಗರು.

ಲಕೋಟೆ ನೋಡಿ ಕೊಟ್ರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಬೀಗರಿಗೆ ನೋಟೀಸ್ ಕಳ್ಸಿದ್ರಾ? ಅದೂ ರಿಜಿಸ್ಟರ್ ಮಾಡಿ?"

"ಎಲ್ಲರಿಗೂ ಕಳಿಸಿದ್ದೇನೆ ಸಾವ್ಕಾರ್ರೆ. ಕಾಯ್ದೆ..."

"ಕಾಯ್ದೆ ಮನೆ ಹಾಳಾಗ್ಲಿ! ನಮ್ಮೂರಾಗೆ ರಿಜಿಸ್ಟರ್ ನೋಟೀಸ್ ಯಾರು ಯಾರಿಗೆ ಕಳಿಸ್ತಾರೆ? ಕೋರ್ಟಿಗೆ ಹೋಗೋರು ಕಳಿಸ್ತಾರೆ. ನನ್ನ ಮಗ್ಳು ಆ ಮನ್ಯಾಗೆ ಅದಾಳೆ, ಮೇಷ್ಟ್ರೆ."

ಒಂಬತ್ತು ವರ್ಷ ಆ ಊರಿನಲ್ಲಿ ಪಾಠ ಹೇಳಿದ್ದರೂ ಇಷ್ಟು ನನಗೆ ಹೊಳೆದಿರಲಿಲ್ಲ. ನಿರಾಕರಿಸಿದ ನೋಟೀಸು ಮುಟ್ಟಿದಂತೆಯೋ ಇಲ್ಲವೋ ಎಂದು ಕೇಳಲು ಮರುದಿನ ರಾಯರ ಬಳಿಗೆ ಹೋದೆ.

"ಮುಟ್ಟಿದ ಹಾಗೆಯೇ," ಎಂದರು ರಾಯರು. "ಅದಕ್ಕೇನೂ ಹೆದರಬೇಡಿ." ನಾನು ಏಳಬೇಕೆನ್ನುವಷ್ಟರಲ್ಲಿ, "ಅಂದ ಹಾಗೆ, ಅಂಚೆಗೆ ಹಾಕಿದ್ದು ಯಾವತ್ತು?" ಎಂದರು.

"ಇಪ್ಪತ್ತರಂದು. ಸರಿಯಾಗಿ ಇಪ್ಪತ್ತೊಂದು ದಿನ."

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂಚೆಗೆ ಹಾಕಿದ ನೋಟೀಸು ನಲವತ್ತೆಂಟು ಗಂಟೆ ಕಳೆದ ಮೇಲೆ ಮುಟ್ಟಿತು ಅಂತ ಲೆಕ್ಕ. ಅಲ್ಲಿಗೆ ಇಪ್ಪತ್ತೆರಡು. ಮುಟ್ಟಿದ ದಿನ ಬಿಡಬೇಕು, ಸಭೆಯ ದಿನ ಬಿಡಬೇಕು. ನಡುವೆ ಎಷ್ಟು ಉಳಿಯಿತು, ನೀವೇ ಎಣಿಸಿ."

ಎಣಿಸಿದೆ. ಜುಲೈ ಇಪ್ಪತ್ಮೂರರಿಂದ ಆಗಸ್ಟ್ ಒಂಬತ್ತರವರೆಗೆ ಹದಿನೆಂಟು. ಮತ್ತೊಮ್ಮೆ ಎಣಿಸಿದೆ. ಹದಿನೆಂಟೇ.

"ಹೊಸ ನೋಟೀಸು ಕಳಿಸಿದರೆ?"

"ಸಭೆ ಆಗಸ್ಟ್ ಇಪ್ಪತ್ತಕ್ಕೆ ಹೋಗುತ್ತದೆ. ನಿಮ್ಮ ಗಡುವು ಹನ್ನೊಂದಕ್ಕೆ. ಬೇರೆ ವರ್ಷದ ಸಭೆಯಾದರೆ ರಿಜಿಸ್ಟ್ರಾರರು ಅವಧಿ ಹೆಚ್ಚಿಸಬಹುದು. ಮೊದಲನೆಯ ಸಭೆಗೆ ಆ ಅಧಿಕಾರ ಅವರಿಗೂ ಇಲ್ಲ." ನನ್ನ ಮುಖ ನೋಡಿ ರಾಯರು ದನಿ ತಗ್ಗಿಸಿದರು. "ಒಂದೇ ದಾರಿ ಇದೆ. ಕಡಿಮೆ ದಿನದ ನೋಟೀಸಿಗೆ ನಮ್ಮ ಒಪ್ಪಿಗೆ ಇದೆ ಅಂತ ಎಲ್ಲ ಸದಸ್ಯರೂ ಬರೆದು ಕೊಡಬೇಕು. ಎಲ್ಲರೂ ಅಂದರೆ ಎಲ್ಲರೂ. ಹತ್ತೊಂಬತ್ತರಲ್ಲಿ ಹದಿನೆಂಟು ಸಹಿ ಬಂದರೂ ಆ ಸಭೆ ಸಭೆಯಲ್ಲ."

ಬಾರದೆ ಉಳಿಯಬಹುದಾದ ಆ ಒಂದು ಸಹಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೋದೆ. ಕಾಯ್ದೆಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕರಿಬಸಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು.

"ಬರ್ರಿ ಮೇಷ್ಟ್ರೆ, ಕೂಡ್ರಿ. ಈ ಸಲ ಏನ್ ತಂದ್ರಿ, ಸಮನ್ಸಾ?"

"ಇಲ್ಲ ಯಜಮಾನ್ರೆ. ಕ್ಷಮೆ ಕೇಳೋಣ ಅಂತ ಬಂದೆ."

"ಅದು ಆಮ್ಯಾಲೆ. ನನ್ನ ಮನೀಗೆ ಇದುವರೆಗೂ ಎಷ್ಟು ರಿಜಿಸ್ಟರ್ ಬಂದಾವೆ ಗೊತ್ತೈತಾ? ಒಂದು. ನನ್ನ ತಮ್ಮ ಪಾಲು ಕೇಳಿ ವಕೀಲರ ಕೈಲಿ ಕಳಿಸಿದ್ದ. ಹದಿನಾಲ್ಕು ವರ್ಷ ಆತು, ಅವನ ಹೊಸ್ತಿಲು ನಾನು ತುಳಿದಿಲ್ಲ. ಈಗ ಎರಡ್ನೇದು, ಬೀಗರು ಕಳಿಸ್ಯಾರೆ. ಅಂಚೆಯವ್ನು ಇಲ್ಲೇ ನಿಂತು 'ಸೈ ಮಾಡ್ರಿ, ನೋಟೀಸ್ ಐತೆ' ಅಂತ ಕೂಗಿದ. ಓಣಿ ಮಂದಿ ಪೂರಾ ನೋಡ್ತಿದ್ರು. ಸಂಜೀಕೆ ಹೊಳೀತನ ಸುದ್ದಿ ಮುಟ್ಟಿತ್ತು."

ಗಿರಿಜೆ ನೀರಿನ ತಂಬಿಗೆ ತಂದಿಟ್ಟಳು. ಶಾಲೆಗೆ ತಮ್ಮಂದಿರನ್ನು ಬಿಡಲು ಬರುತ್ತಿದ್ದ ಹುಡುಗಿ, ಕಣ್ಣು ಊದಿತ್ತು. ಮಾವನವರ ಎದುರಿನಲ್ಲಿ ಮಾತನಾಡಲೋ ಬೇಡವೋ ಎಂದು ಒಂದು ಕ್ಷಣ ನಿಂತು ಕೇಳಿಯೇ ಬಿಟ್ಟಳು.

"ಮೇಷ್ಟ್ರೆ, ಅದ್ರಾಗೆ ಏನ್ ಬರ್ದಿತ್ತು? ನಮ್ಮಪ್ಪ ಏನ್ ಕೇಳ್ಯಾರೆ?"

"ಏನೂ ಕೇಳಿಲ್ಲ ತಾಯಿ. ಸಭೆಗೆ ಬನ್ನಿ ಅಂತ ಕರೆದಿದ್ದಾರೆ, ಅಷ್ಟೇ."

"ಕರ್ಯಾಕೆ ರಿಜಿಸ್ಟರ್ ಯಾಕ ಬೇಕ್ರಿ?"

ರಿಜಿಸ್ಟರ್ ನನ್ನದೇ ಯೋಚನೆಯೆಂದು ಒಪ್ಪಿಕೊಳ್ಳಲು ನಾಚಿ, ಕಾಯ್ದೆ ಹಾಗಿದೆ ಎಂದು ಗೊಣಗಿದೆ.

"ಹಂಗೈತಾ? ಓದ್ರಿ ನೋಡಾಣ," ಎಂದರು ಕರಿಬಸಪ್ಪನವರು.

ಪುಸ್ತಕ ಬಿಚ್ಚಿ, ಇಂಗ್ಲಿಷಿನ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದೆ: "ಸದಸ್ಯನಿಗೆ ನೋಟೀಸನ್ನು ಖುದ್ದಾಗಿ ಕೊಡಬಹುದು, ಇಲ್ಲವೆ..." ಅಲ್ಲಿಗೆ ನನ್ನ ನಾಲಿಗೆ ನಿಂತಿತು.

"ನಿಲ್ಲಿಸ್ಬ್ಯಾಡ್ರಿ. ಇನ್ನೊಂದ್ಸಲ ಓದ್ರಿ."

"ಖುದ್ದಾಗಿ ಕೊಡಬಹುದು, ಇಲ್ಲವೆ ಅಂಚೆಯ ಮೂಲಕ ಕಳಿಸಬಹುದು."

"ಖುದ್ದಾಗಿ ಅನ್ನೋದು ಮೊದ್ಲೇ ಐತೆ!" ಮುದುಕರು ತೊಡೆ ತಟ್ಟಿದರು. "ಸರ್ಕಾರಕ್ಕೆ ಗೊತ್ತಿರೋ ಮರ್ಯಾದೆ ನಿಮಗೆ ಗೊತ್ತಾಗ್ಲಿಲ್ಲಲ್ರಿ. ಇರ್ಲಿ, ಬೀಗರಿಗೂ ರಿಜಿಸ್ಟರ್ ಮಾಡಿದ್ರೇನು?"

ಈ ಸಲ ಸುಳ್ಳು ಹೇಳುವ ಧೈರ್ಯವಾಗಲಿಲ್ಲ. "ಇಲ್ಲ. ಅವರದನ್ನು ಕೈಯಲ್ಲೇ ಕೊಟ್ಟೆ."

"ಹಾಂ," ಎಂದರು, ಅಷ್ಟೇ. ಆ "ಹಾಂ" ನನಗೆ ಇಡೀ ಓಣಿಗೆ ಕೇಳಿಸಿದಂತಾಯಿತು.

ಇಷ್ಟಾದ ಮೇಲೆ ಮುಚ್ಚಿಡುವುದೇನು ಎಂದು ಮೂರು ದಿನ ಕಡಿಮೆ ಬಿದ್ದದ್ದನ್ನೂ ಹೇಳಿಬಿಟ್ಟೆ.

"ಹಂಗಾರೆ ನನ್ನ ಸೈ ಇಲ್ದಿದ್ರೆ ಸಭೆ ಇಲ್ಲ?"

"ಇಲ್ಲ."

"ನಿಮ್ಮ ನೌಕ್ರಿ?"

"ಅದೂ ಇಲ್ಲ. ಸಭೆ ಆಗುವ ತನಕ ನನ್ನದು ಕಚ್ಚಾ."

ಕರಿಬಸಪ್ಪನವರು ನೀರಿನ ತಂಬಿಗೆಯನ್ನು ನನ್ನ ಕಡೆಗೆ ಸರಿಸಿದರು. "ನಿಮ್ಮ ಅನ್ನಕ್ಕೆ ನಾನು ಅಡ್ಡ ಇಲ್ಲ ಮೇಷ್ಟ್ರೆ. ಬೀಗರು ಬಂದು, ವೀಳ್ಯ ಕೊಟ್ಟು, 'ಬರ್ರಿ' ಅಂತ ಒಂದ್ ಮಾತು ಕರೀಲಿ. ನಿಂತ ಕಾಲ ಮ್ಯಾಲೆ ಸೈ ಮಾಡ್ತೀನಿ. ಓಣ್ಯಾಗೆ ಹೋದ ಮಾನ ಓಣ್ಯಾಗೇ ಬರ್ಬೇಕು."

ನ್ಯಾಯವಾದ ಮಾತು. ಸೋಮವಾರ ಬೆಳಿಗ್ಗೆ ಅದನ್ನು ಕೊಟ್ರಪ್ಪನವರಿಗೆ ತಿಳಿಸಿದೆ. ಎಣಿಕೆಯ ತಪ್ಪನ್ನೂ ಒಪ್ಪಿಕೊಂಡೆ.

"ಇಪ್ಪತ್ತೊಂದು ಎಣಿಸಾಕೆ ಬರ್ಲಿಲ್ಲಾ ಮೇಷ್ಟ್ರಿಗೆ!" ಎಂದು ಅವರು ಹಣೆಗೆ ಕೈ ಹಚ್ಚಿಕೊಂಡರು. ಆಮೇಲೆ ಖಡಾಖಂಡಿತವಾಗಿ ಹೇಳಿದರು: "ನಾನು ಹೋಗಲ್ಲ. ಹೆಣ್ಣು ಕೊಟ್ಟೋನು ನಾನು, ಮೊದ್ಲೇ ಬಗ್ಗಿರೋನು. ತಪ್ಪಾತು ಅಂತ ಒಂದ್ಸಲ ಆ ಕಟ್ಟೀ ಮುಂದೆ ನಿಂತ್ರೆ ಇದ್ದಷ್ಟು ದಿನ ನಿಂತೇ ಇರ್ಬೇಕಾಗ್ತದೆ. ಗಂಟು ಹಾಕಿದೋರು ನೀವು, ನೀವೇ ಬಿಡಿಸ್ರಿ."

ಇದೂ ನ್ಯಾಯವೇ. ಇಬ್ಬರ ನ್ಯಾಯದ ನಡುವೆ ನನ್ನ ನೌಕರಿ ಸಿಕ್ಕಿಕೊಂಡಿತ್ತು.

ಅಂದು ಮಧ್ಯಾಹ್ನ ಬೇರೆ ದಾರಿ ತೋಚದೆ, ಉಳಿದ ಸಹಿಗಳನ್ನಾದರೂ ಸಂಗ್ರಹಿಸೋಣವೆಂದು ಸದಸ್ಯರ ವಹಿಯನ್ನು ಎದುರಿಗೆ ಬಿಚ್ಚಿ ಪಟ್ಟಿ ಬರೆಯತೊಡಗಿದೆ. ವಹಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ; ಮೊದಲು ಮೆಮೊರಾಂಡಂಗೆ ಸಹಿ ಹಾಕಿದ ಏಳು ಜನ, ಸಹಿಯ ಕ್ರಮದಲ್ಲಿ; ಆಮೇಲೆ ಷೇರು ಕೊಂಡು ಸೇರಿದವರು. ಒಂದನೆಯ ಪುಟದ ಹೆಸರನ್ನು ಪಟ್ಟಿಗೆ ಇಳಿಸುತ್ತಿದ್ದಂತೆ ನನ್ನ ಲೇಖನಿ ನಿಂತಿತು. ಒಂದನೆಯ ಪುಟ ಕರಿಬಸಪ್ಪನವರದು. ವಯಸ್ಸಿನಲ್ಲಿ ಹಿರಿಯರೆಂದು ಅಂದು ಎಲ್ಲರೂ ಅವರಿಗೇ ಮೊದಲು ಲೇಖನಿ ಕೊಟ್ಟಿದ್ದರು.

ಪಟ್ಟಿಯನ್ನು ಪೂರ್ತಿ ಮಾಡಿ ಕೊಟ್ರಪ್ಪನವರ ಮುಂದೆ ಇಟ್ಟೆ.

"ಸಾವ್ಕಾರ್ರೆ, ಒಪ್ಪಿಗೆ ಒಬ್ಬರದಲ್ಲ, ಎಲ್ಲರದೂ ಬೇಕು. ಹದಿನೆಂಟು ಮನೆಗೂ ಅಧ್ಯಕ್ಷರು ತಾವೇ ಹೋಗಿ, ವೀಳ್ಯ ಕೊಟ್ಟು, ಸಭೆಗೆ ಕರೆದು, ಸಹಿ ಪಡೆಯಬೇಕು ಅಂತ ನನ್ನ ಅಭಿಪ್ರಾಯ. ಒಬ್ಬರ ಮನೆಗೆ ಹೋದರೆ ಅದು ಕ್ಷಮೆ. ಹದಿನೆಂಟು ಮನೆಗೆ ಹೋದರೆ ಅದು ಕರೆಯೋಲೆ."

ಅವರು ಪಟ್ಟಿಯ ಮೇಲೆ ಬೆರಳಿಟ್ಟರು. "ಮೊದಲ್ನೇ ಮನಿ ಬೀಗರದಾ? ಇದು ಯಾರ ಲೆಕ್ಕ?"

"ವಹಿಯ ಲೆಕ್ಕ. ಒಂದನೆಯ ಪುಟ ಅವರದು. ನಾನು ಬದಲಾಯಿಸುವ ಹಾಗಿಲ್ಲ."

ಅವರು ವಹಿಯನ್ನು ತರಿಸಿ, ಒಂದನೆಯ ಪುಟ ನೋಡಿ, ಎರಡನೆಯದು ನೋಡಿ, ಮತ್ತೆ ಒಂದನೆಯದನ್ನು ನೋಡಿದರು. ಆಮೇಲೆ ಮೀಸೆಯ ಕೆಳಗೆ ಸಣ್ಣದಾಗಿ ನಕ್ಕರು. "ಪುಸ್ತಕದಾಗೆ ಹಂಗೈತೆ ಅಂದ ಮ್ಯಾಲೆ ನಾವೇನ್ ಮಾಡಾಕಾಗ್ತದೆ ಬಿಡ್ರಿ. ಆದ್ರೆ ಆಷಾಢದಾಗೆ ಕರ್ಯಾಕೆ ಹೋಗಂಗಿಲ್ಲ. ಅಮಾಸೆ ಕಳೀಲಿ."

ಅಮಾವಾಸ್ಯೆ ಆಗಸ್ಟ್ ನಾಲ್ಕಕ್ಕೆ. ಒಂಬತ್ತು ದಿನ ಕಾಯಬೇಕಾಯಿತು. ಆ ದಿನಗಳಲ್ಲಿ ಕಚೇರಿಯ ಕೆಲಸವೆಲ್ಲ ಕೈಯಿಂದ ತಾನಾಗಿ ನಡೆಯಿತು. ತಲೆ ಮಾತ್ರ ಬೇರೆ ಕಡೆ ಇತ್ತು. ಪಾರ್ವತಮ್ಮ ಒಂದು ಸಂಜೆ, "ಶಾಲೇಲಿ ನಿಮ್ಮ ಜಾಗಕ್ಕೆ ಕಾಯಂ ಆಗಿ ಇನ್ನೂ ಯಾರನ್ನೂ ಹಾಕಿಲ್ಲಂತೆ," ಎಂದು ಮಾತ್ರ ಹೇಳಿದಳು. ಆಕೆ ವಿಚಾರಿಸಿಕೊಂಡು ಬಂದಿದ್ದಳೆಂದು ನನಗೆ ಗೊತ್ತಾಯಿತು.

ಆಗಸ್ಟ್ ಐದು, ಬುಧವಾರ, ಶ್ರಾವಣದ ಮೊದಲ ದಿನ ಬೆಳಿಗ್ಗೆ ಕೊಟ್ರಪ್ಪನವರು, ಅವರ ಪತ್ನಿ ಮತ್ತು ನಾನು ಮೋಟಾರಿನಲ್ಲಿ ಹರಿಹರಕ್ಕೆ ಹೊರಟೆವು. ವೀಳ್ಯದ ತಟ್ಟೆ ಆ ತಾಯಿಯ ಮಡಿಲಿನಲ್ಲಿ, ಸದಸ್ಯರ ವಹಿ ನನ್ನ ಮಡಿಲಿನಲ್ಲಿ. ಮೋಟಾರು ಓಣಿಯಲ್ಲಿ ನಿಂತಾಗ ಎದುರು ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ಕರಿಬಸಪ್ಪನವರು ಕಟ್ಟೆಯಿಂದ ಏಳಲಿಲ್ಲ.

"ಬರ್ರಿ ಬೀಗರೆ," ಎಂದರು, ಕುಳಿತಲ್ಲಿಂದಲೇ. "ಯಾರ್ಯಾರ ಮನೀಗೆ ಹೋಗಿ ಬಂದ್ರಿ?"

"ಯಾರ ಮನೀಗೂ ಹೋಗಿಲ್ರಿ. ಹದಿನೆಂಟು ಮನಿ ಕರ್ಯಾದೈತೆ. ಪುಸ್ತಕದಾಗೆ ಮೊದಲ್ನೇ ಹೆಸ್ರು ನಿಮ್ದು, ಅದಕ್ಕೆ ಮೊದ್ಲು ಇಲ್ಲಿಗೆ."

"ಪುಸ್ತಕದಾಗೆ? ಯಾವ ಪುಸ್ತಕ?"

ನಾನು ವಹಿ ಬಿಚ್ಚಿ ಹಿಡಿದೆ. ಮುದುಕರು ಕನ್ನಡಕ ತರಿಸಿದರು. ಒಂದನೆಯ ಪುಟದ ಮೇಲಿನ ಅಂಕೆಯನ್ನೂ ಅದರ ಕೆಳಗಿನ ತಮ್ಮ ಹೆಸರನ್ನೂ ಬೆರಳಿನಿಂದ ಮುಟ್ಟಿ ಓದಿದರು. "ನಿಮ್ದು ಎಷ್ಟ್ನೇದು ಬೀಗರೆ?"

"ನಂದು ನಾಲ್ಕ್ನೇದು."

ಆಗ ಅವರು ಎದ್ದರು. ಕೊಟ್ರಪ್ಪನವರು ತಟ್ಟೆ ಮುಂದೆ ಹಿಡಿದು, ಓಣಿಗೆ ಕೇಳುವ ಹಾಗೆ, "ಸೋಮವಾರ ಕಂಪ್ನಿ ಸಭೆ ಐತ್ರಿ, ನೀವು ಬಂದು ನಡೆಸಿಕೊಡ್ಬೇಕು," ಎಂದರು. ಕರಿಬಸಪ್ಪನವರು ಎರಡೂ ಕೈಗಳಿಂದ ವೀಳ್ಯ ತೆಗೆದುಕೊಂಡರು. ಗಿರಿಜೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಆಕೆಯ ತಾಯಿ ಯಾರನ್ನೂ ಕೇಳದೆ ನೇರವಾಗಿ ಒಳಕ್ಕೆ ಹೋದರು.

"ಸೈ ಎಲ್ಲಿ ಮಾಡ್ಬೇಕು ಮೇಷ್ಟ್ರೆ?" ಎಂದರು ಮುದುಕರು. ಮಾತಿಗೆ ತಪ್ಪದೆ ನಿಂತುಕೊಂಡೇ ಸಹಿ ಹಾಕಿದರು. "ಆ ಲಕೋಟೆ ಎಲ್ಲೈತೆ? ತಂದೀರಾ?"

ತಂದಿದ್ದೆ. ಅವರು ಅದನ್ನು ಹರಿದು, ನೋಟೀಸು ತೆಗೆದು, ದೂರಕ್ಕೆ ಹಿಡಿದು ಓದಿದರು. "ಅಕ್ಷರ ಮುತ್ತಿನಂಗ ಅದಾವೆ. ಇಷ್ಟು ಚಂದ ಬರ್ಯಾಕೆ ಬರ್ತೈತೆ, ಮನಿ ತನಕ ನಡ್ಯಾಕೆ ಏನಾಗಿತ್ತು ನಿಮಗೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಎರಡು ವಾರಗಳಲ್ಲಿ ಅದೇ ಮೊದಲು. ಅಂದು ಅಲ್ಲಿ ತಿಂದ ಒಗ್ಗರಣೆ ಮಂಡಕ್ಕಿಯ ರುಚಿಯನ್ನು ನಾನು ಈಗಲೂ ವರ್ಣಿಸಬಲ್ಲೆ.

ಉಳಿದ ಹದಿನೇಳು ಮನೆಗಳನ್ನು ವಹಿಯ ಕ್ರಮದಲ್ಲಿಯೇ ಮುಗಿಸಿದೆವು. ಕ್ರಮ ತಪ್ಪಿದರೆ ಕರಿಬಸಪ್ಪನವರ ಕಿವಿಗೆ ಬೀಳುತ್ತದೆಂದು, ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ದಿನ ಹೋದದ್ದೂ ಉಂಟು. ಆವರಗೆರೆಯವರು ಸಹಿ ಹಾಕಿ, ಎತ್ತು ಈಗ ಹತ್ತಾಗಿವೆ ಎಂದು ತಿಳಿಸಿದರು. ಕೊನೆಯ ಹೆಸರು ಕೊಂಡಜ್ಜಿಯ ರೈತರೊಬ್ಬರದು. ಶನಿವಾರ ಮಧ್ಯಾಹ್ನ ಹೊಲದಲ್ಲಿ ಕಳೆ ತೆಗೆಸುತ್ತಿದ್ದ ಅವರು ಕೈ ಒರೆಸಿಕೊಂಡು, ಬದುವಿನ ಮೇಲೆ ಕುಳಿತು ಬರೆದರು. ಕಾಗದದ ಅಂಚಿಗೆ ಕಪ್ಪು ಮಣ್ಣಿನ ಬೆರಳ ಗುರುತು ಬಿತ್ತು. ಹಳೆಯ ನಾನಾಗಿದ್ದರೆ ಹೊಸ ಹಾಳೆ ಕೇಳುತ್ತಿದ್ದೆ. ಮಡಿಸಿ ಚೀಲದಲ್ಲಿಟ್ಟುಕೊಂಡೆ.

ಹೊಸಬರಿಗೆ ಇಲ್ಲಿ ಒಂದು ಮಾತು. ಕಾಯ್ದೆಯನ್ನು ಓದುವಾಗ ನಮಗೆ ಬೇಕಾದ ಪದ ಸಿಕ್ಕೊಡನೆ ನಿಲ್ಲಿಸಬಾರದು. ಅದರ ಹಿಂದೆ ಮುಂದೆ ಏನಿದೆಯೆಂದು ನೋಡಬೇಕು. "ಅಂಚೆ" ಎಂಬ ಪದ ಕಂಡೊಡನೆ ನಾನು ಪುಟ ಮಗುಚಿದ್ದೆ. ದಿನಗಳನ್ನು ಎಣಿಸುವಾಗ ಮೊದಲಿನದನ್ನೂ ಕೊನೆಯದನ್ನೂ ಬಿಟ್ಟು ಎಣಿಸಿ, ಅದರ ಮೇಲೆ ಇನ್ನೂ ಎರಡು ದಿನ ಇಟ್ಟುಕೊಳ್ಳಿರಿ. ಈಗ ನೋಟೀಸುಗಳನ್ನು ಯಂತ್ರದಲ್ಲಿ ಒತ್ತಿ ನೂರಾರು ಮಂದಿಗೆ ಕಳಿಸುತ್ತಾರೆ. ಮನೆಮನೆಗೆ ಹೋಗುವುದು ಆಗದ ಮಾತು. ಆದರೂ ಯಾರ ಬಾಗಿಲಿಗೆ ಯಾವ ಲಕೋಟೆ ಹೋಗುತ್ತದೆಂದು ಒಮ್ಮೆ ಯೋಚಿಸಿದರೆ ನಷ್ಟವಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಮಂಡಿಪೇಟೆಯ ಕಚೇರಿಯಲ್ಲಿ ಸಭೆ ಸೇರಿತು. ಕಾಯ್ದೆಯ ಪ್ರಕಾರ ಐದು ಜನ ಬಂದಿದ್ದರೂ ಸಾಕಿತ್ತು. ಹದಿನಾರು ಜನ ಬಂದಿದ್ದರು. ಕರಿಬಸಪ್ಪನವರು ಕೊಟ್ರಪ್ಪನವರ ಪಕ್ಕದ ಕುರ್ಚಿಯಲ್ಲಿ ಕುಳಿತರು. ಹತ್ತೊಂಬತ್ತು ಒಪ್ಪಿಗೆಗಳನ್ನೂ ನಾನು ಒಂದೊಂದಾಗಿ ಓದಿ ಮೇಜಿನ ಮೇಲಿಟ್ಟೆ. ಲೆಕ್ಕಪತ್ರಗಳು ಮಂಜೂರಾದವು, ಲೆಕ್ಕ ತಪಾಸಿಗರ ನೇಮಕವಾಯಿತು, ಕರಿಬಸಪ್ಪನವರೂ ಸೇರಿದಂತೆ ನಿರ್ದೇಶಕರ ಆಯ್ಕೆಯಾಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ರಾಯರು ನನ್ನ ಕಡೆಗೆ ನೋಡಿ ತಲೆಯಾಡಿಸಿದರು.

"ಇನ್ಯಾರಿಗಾದ್ರೂ ಏನಾದ್ರೂ ಕೇಳಾದೈತಾ?" ಎಂದರು ಅಧ್ಯಕ್ಷರು.

"ನಂದೊಂದೈತೆ," ಎಂದು ಕರಿಬಸಪ್ಪನವರು ಕೈ ಎತ್ತಿದರು. ನಾನು ಲೇಖನಿಯನ್ನು ಕೆಳಗಿಟ್ಟೆ. "ಬರೋ ವರ್ಷ ನೋಟೀಸು ಹೆಂಗೆ ಕಳಿಸ್ತೀರಿ ಮೇಷ್ಟ್ರೆ?"

"ಖುದ್ದಾಗಿ, ಯಜಮಾನ್ರೆ."

"ಹಂಗಾರೆ ನಂದೇನಿಲ್ಲ."

ಸಭೆ ಮುಗಿದು ಸದಸ್ಯರು ಎಲೆ ಅಡಿಕೆ ಹಾಕಿಕೊಳ್ಳುತ್ತಿರುವಾಗ ಕೊಟ್ರಪ್ಪನವರು ನನ್ನ ಮೇಜಿನ ಬಳಿಗೆ ಬಂದರು. "ನಿಮ್ಮ ನೌಕ್ರಿ ಪಕ್ಕಾ ಆತು, ಮೇಷ್ಟ್ರೆ. ಮನಿಗೆ ಹೋಗಿ ಹೇಳ್ರಿ."

"ಬಾಯಿಮಾತು ಸಾಲದು ಸಾವ್ಕಾರ್ರೆ," ಎಂದೆ. "ಠರಾವು ಬೇಕು."

ಅವರು ಗಟ್ಟಿಯಾಗಿ ನಕ್ಕು, ಆಗಲೇ ಚಪ್ಪಲಿ ಮೆಟ್ಟಿದ್ದ ನಿರ್ದೇಶಕರನ್ನೆಲ್ಲ ಮತ್ತೆ ಒಳಗೆ ಕರೆದು ಕೂಡಿಸಿದರು. ಸೂಚಿಸಿದವರು ಕೊಟ್ರಪ್ಪನವರು, ಅನುಮೋದಿಸಿದವರು ಕರಿಬಸಪ್ಪನವರು. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರನ್ನು ನಾನೇ ಬರೆಯುವಾಗ ಒಂದು ಅಕ್ಷರ ಚಿತ್ತಾಯಿತು. ಗೀಟು ಎಳೆದೆ, ಪಕ್ಕದಲ್ಲಿ ತಿದ್ದಿದೆ, ಅಧ್ಯಕ್ಷರ ಚಿಕ್ಕ ಸಹಿ ಪಡೆದೆ. ಕೆಳಗೆ ತಾರೀಕು ಹಾಕಿದೆ: ೧೯೫೯ನೆಯ ಇಸವಿ ಆಗಸ್ಟ್ ಹತ್ತು, ಸೋಮವಾರ.